ಇಂದಿನ ಧಮ್ಮ ಚಿಂತನೆ: ವೇದಿಕೆ ಒಂದಾದರೆ ಸಾಕೇ?

 

ಇವತ್ತು ಬರೆಯುವ ಸರದಿ ನನ್ನದು. ಪಂಚಶೀಲದ ನಾಲ್ಕನೆಯ ಶೀಲದ ಬಗ್ಗೆ ಬರೆಯಿರಿ ಎಂದಿದ್ದರು. ಬರೆಯುತ್ತೇನೆ, ಆದರೆ ಸ್ವಲ್ಪ ಸುತ್ತಿ ಬರುತ್ತೇನೆ. ದಾರಿಯಲ್ಲಿ ಒಂದು ರಾಕ್ ಬ್ಯಾಂಡ್ ಸಿಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

2025ರ ಜುಲೈನಲ್ಲಿ ಮಗಳನ್ನು ನೋಡಲು ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋಗಿದ್ದೆ. ಅವಳು ಅಲ್ಲಿ ನರ್ಸ್. ಅದೇ ಹೊತ್ತಿಗೆ ಆ ಊರಿನದ್ದೇ ಆದ ಓಯಸಿಸ್ ಎಂಬ ಬ್ಯಾಂಡ್, ಒಡೆದುಹೋಗಿ 16 ವರ್ಷವಾದ ಮೇಲೆ, ಮತ್ತೆ ಒಂದಾಗಿ ಹಾಡುತ್ತಿತ್ತು. ಹೀಟನ್ ಪಾರ್ಕ್ ಎಂಬ ದೊಡ್ಡ ಬಯಲಿನಲ್ಲಿ ಜುಲೈ 11ರಿಂದ 20ರೊಳಗೆ ಐದು ರಾತ್ರಿ. ಊರ ತುಂಬ ಅವರದೇ ಚಿತ್ರ, ಅವರದೇ ಟೀ ಶರ್ಟು. ಬಸ್ಸಿನಲ್ಲಿ ಅರವತ್ತು ದಾಟಿದ ಹೆಂಗಸರೂ ಅದನ್ನೇ ತೊಟ್ಟಿದ್ದರು. ನಮ್ಮ ಕಡೆ ಏಪ್ರಿಲ್ 14ಕ್ಕೆ ಕೇರಿ ಹೇಗಿರುತ್ತದೆ ನೋಡಿ, ಹಾಗೆ.

ಈ ಬ್ಯಾಂಡ್ ನನಗೆ ಹೊಸದಲ್ಲ. 1996ರಲ್ಲಿ ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದೆ. ಸೀನಿಯರ್ ಒಬ್ಬರು ಬೆಂಗಳೂರಿನಿಂದ ಅವರ ಎರಡನೇ ಆಲ್ಬಂನ ಕ್ಯಾಸೆಟ್ ತಂದಿದ್ದರು. ನಮಗೆ ಇಂಗ್ಲಿಷ್ ಅಂದರೆ ಪರೀಕ್ಷೆ, ಇಂಗ್ಲಿಷ್ ಅಂದರೆ ಅವಮಾನ. ಈ ಹುಡುಗರ ಇಂಗ್ಲಿಷೋ ನಮ್ಮ ಲೆಕ್ಚರರ್ ಮಾತಾಡುವ ಇಂಗ್ಲಿಷಿನ ಹಾಗೆ ಇರಲೇ ಇಲ್ಲ. ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ. ಆಮೇಲೆ ಯಾರದೋ ಮನೆಯ ಟಿವಿಯಲ್ಲಿ ಆ ಗಾಯಕನನ್ನು ನೋಡಿದೆವು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗದ್ದ ಮೇಲೆತ್ತಿ, ತನಗಿಂತ ಎತ್ತರಕ್ಕಿಟ್ಟ ಮೈಕಿಗೆ ಹಾಡುತ್ತಿದ್ದ. ನಮ್ಮ ಅಪ್ಪ, ತಾತ ಗೌಡರ ಮುಂದೆ ಕೈ ಕಟ್ಟಿ ನಿಂತಿದ್ದು ಎದೆಯ ಮುಂದೆ. ಇವನು ಕಟ್ಟಿದ್ದು ಬೆನ್ನ ಹಿಂದೆ. ಅಷ್ಟೇ ವ್ಯತ್ಯಾಸ. ಹದಿನೆಂಟರ ವಯಸ್ಸಿಗೆ ಅದು ಸಣ್ಣ ವ್ಯತ್ಯಾಸವಲ್ಲ.

ಆ ಗಾಯಕ ಲಿಯಾಮ್ ಗ್ಯಾಲಗರ್. ಹಾಡು ಬರೆದು ಗಿಟಾರ್ ನುಡಿಸುವವನು ಅವನ ಅಣ್ಣ ನೋಯೆಲ್. ಐರ್ಲೆಂಡಿನಿಂದ ಕೆಲಸ ಹುಡುಕಿಕೊಂಡು ಬಂದವರ ಮಕ್ಕಳು. ಬರ್ನೇಜ್ ಎಂಬ ಬಡಾವಣೆಯಲ್ಲಿ, ಸರ್ಕಾರ ಬಾಡಿಗೆಗೆ ಕೊಡುವ ಮನೆಯಲ್ಲಿ ಬೆಳೆದವರು. ನಮ್ಮ ಆಶ್ರಯ ಮನೆ ಅಂದುಕೊಳ್ಳಿ. ಹೊಡೆಯುವ ಅಪ್ಪನನ್ನು ಬಿಟ್ಟು, ಮೂವರು ಗಂಡುಮಕ್ಕಳನ್ನು ಕರೆದುಕೊಂಡು ಹೊರಟುಬಂದ ತಾಯಿ. ಇದೆಲ್ಲ ತಿಳಿದಿದ್ದು ಎಷ್ಟೋ ವರ್ಷದ ಮೇಲೆ. ತಿಳಿದ ಮೇಲೆ ಆ ಗದ್ದ ಯಾಕೆ ಮೇಲಿತ್ತು ಅನ್ನುವುದೂ ತಿಳಿಯಿತು.

1996ರ ಆಗಸ್ಟಿನಲ್ಲಿ ನೆಬ್‌ವರ್ತ್ ಎಂಬಲ್ಲಿ ಎರಡು ರಾತ್ರಿ ಸೇರಿ ಎರಡೂವರೆ ಲಕ್ಷ ಜನರ ಮುಂದೆ ಹಾಡಿದವರು ಇವರು. ಅದೇ ವರ್ಷ ನಾನೂ ಒಂದು ತಂಡದಲ್ಲಿ ಹಾಡುತ್ತಿದ್ದೆ. ಎರಡೂವರೆ ಲಕ್ಷ ಜನರಲ್ಲ, ಇನ್ನೂರೈವತ್ತು ಜನ ಸೇರಿದರೆ ಹಬ್ಬ. ಒಂದು ತಮಟೆ, ಒಂದು ಖಂಜರಿ, ಐದು ಗಂಟಲು. ಜಯಂತಿ, ಜಾಥಾ, ಧರಣಿ, ಎಲ್ಲಿ ಕರೆದರೂ ಲಾರಿ ಹತ್ತುತ್ತಿದ್ದೆವು. ಈ ಗುಂಪಿನ ಹಳಬರಿಗೆ ನಮ್ಮ ತಂಡ ನೆನಪಿದೆ. ಅದು 2003ರಲ್ಲಿ ಒಡೆಯಿತು. ಅದರ ಮಾತು ಆಮೇಲೆ.

ಮ್ಯಾಂಚೆಸ್ಟರಿನ ಟಿಕೆಟ್ ನನಗೆ ಸಿಗಲಿಲ್ಲ. ಸಿಕ್ಕಿದ್ದರೂ ಕೊಳ್ಳುತ್ತಿದ್ದೆನೋ ಇಲ್ಲವೋ. ಹಿಂದಿನ ವರ್ಷ ಮಾರಾಟದ ದಿನ ಸುಮಾರು 150 ಪೌಂಡ್ ಎಂದು ಆನ್‌ಲೈನ್ ಸರತಿಯಲ್ಲಿ ಗಂಟೆಗಟ್ಟಲೆ ಕಾದವರಿಗೆ, ಮುಂದೆ ಬಂದಾಗ ಅದೇ ನಿಲ್ಲುವ ಜಾಗಕ್ಕೆ 350 ಪೌಂಡಿನ ಮೇಲೆ ತೋರಿಸಿತಂತೆ. ನಮ್ಮ ಲೆಕ್ಕದಲ್ಲಿ 40,000 ರೂಪಾಯಿ, ಅದೂ ನಿಂತುಕೊಂಡು ಕೇಳುವುದಕ್ಕೆ. ಅಲ್ಲಿನ ಸರ್ಕಾರಿ ಸಂಸ್ಥೆ ವಿಚಾರಣೆ ಮಾಡುವಷ್ಟು ಗಲಾಟೆಯಾಯಿತು.

ಆದರೆ ಆ ಪಾರ್ಕಿನಲ್ಲಿ, ಕಾರ್ಯಕ್ರಮದ ಬೇಲಿಯ ಆಚೆ, ಒಂದು ಗುಡ್ಡವಿದೆ. ಟಿಕೆಟ್ ಇಲ್ಲದವರು ಮೊದಲ ರಾತ್ರಿಯೇ ಅಲ್ಲಿ ಸೇರಿದರು. ಎರಡೇ ದಿನದಲ್ಲಿ ಅದಕ್ಕೆ ಗ್ಯಾಲಗರ್ ಗುಡ್ಡ ಎಂದು ಹೆಸರೂ ಬಿತ್ತು. 12ನೇ ತಾರೀಖು ಶನಿವಾರ, ಆ ದೇಶಕ್ಕೆ ಅಪರೂಪದ ಬಿಸಿಲು. ಮಗಳು, "ಅಪ್ಪ, ದುಡ್ಡು ಕೊಟ್ಟವರು ಒಳಗೆ ಕೇಳ್ಲಿ, ನಾವು ಗುಡ್ಡದ ಮೇಲೆ ಕೇಳೋಣ" ಅಂದಳು. ಬುತ್ತಿ ಕಟ್ಟಿಕೊಂಡು ಹೋದೆವು. ಮುಂದಿನ ವಾರ ಆ ಗುಡ್ಡಕ್ಕೂ ಬೇಲಿ ಹಾಕಿದರಂತೆ. ಊರ ಹೊರಗೆ ನಿಂತು ಒಳಗಿನ ವಾದ್ಯ ಕೇಳಿ ಬೆಳೆದ ಜನ ನಾವು, ನಮಗೆ ಇದರಲ್ಲಿ ಹೊಸದೇನಿದೆ ಎಂದು ಮಗಳ ಹತ್ತಿರ ತಮಾಷೆ ಮಾಡಿದೆ. ಅವಳು ನಗಲಿಲ್ಲ.

ಮರಗಳ ಸಂದಿಯಲ್ಲಿ ದೂರದ ಪರದೆಯ ಬೆಳಕು ಕಾಣುತ್ತಿತ್ತು. ದನಿ ಮಾತ್ರ ಗಾಳಿಯಲ್ಲಿ ಸ್ಪಷ್ಟ. ಕೆಳಗಿನ ಹತ್ತಾರು ಸಾವಿರ ಜನ ಹಾಡುವಾಗ ನೆಲ ಗುಂಯ್ ಅನ್ನುತ್ತಿತ್ತು. ಒಂದು ಹಾಡಿಗೆ ಮುಂಚೆ ಅವರದ್ದೊಂದು ಪದ್ಧತಿ ಇದೆ. ಎಲ್ಲರೂ ವೇದಿಕೆಗೆ ಬೆನ್ನು ಮಾಡಿ, ಪಕ್ಕದವರ ಹೆಗಲ ಮೇಲೆ ಕೈ ಹಾಕಿ, ಕುಣಿಯಬೇಕು. ಪೋಲೆಂಡಿನ ಫುಟ್‌ಬಾಲ್ ಅಭಿಮಾನಿಗಳಿಂದ ಮ್ಯಾಂಚೆಸ್ಟರ್ ಸಿಟಿ ತಂಡದವರು ಕಲಿತದ್ದಂತೆ. ಈ ಅಣ್ಣತಮ್ಮಂದಿರು ಆ ತಂಡದ ಭಕ್ತರು. ಗುಡ್ಡದ ಮೇಲೂ ಎಲ್ಲರೂ ತಿರುಗಿದರು. ನನ್ನ ಪಕ್ಕದಲ್ಲಿದ್ದ ಕೆಂಪು ಮುಖದ ಮುದುಕ ಒಂದು ಮಾತೂ ಕೇಳದೆ ನನ್ನ ಹೆಗಲ ಮೇಲೆ ಕೈ ಹಾಕಿದ. ಯಾರು, ಯಾವ ಊರು, ಯಾವ ಜನ, ಏನೂ ಕೇಳಲಿಲ್ಲ. ಆ ದೇಶವೇನು ಸುಖಾವತಿಯಲ್ಲ, ವಾರ್ಡಿನಲ್ಲಿ ಮಗಳು ಕೇಳಿಸಿಕೊಳ್ಳುವ ಮಾತುಗಳು ನನಗೆ ಗೊತ್ತಿವೆ. ಆದರೂ ಆ ಕೈ ಆ ಹೊತ್ತಿಗೆ ಸುಳ್ಳಲ್ಲ.

ಕೊನೆಕೊನೆಗೆ ಹಾಸ್ಟೆಲಿನ ಕ್ಯಾಸೆಟ್ಟಿನ ಹಾಡು ಬಂತು. ನಾನು ಅತ್ತುಬಿಟ್ಟೆ.

ಫೋಟೋವನ್ನು ಈ ಗುಂಪಿಗೆ ಹಾಕಿದಾಗ ಹಿರಿಯರೊಬ್ಬರು, "ಉಪಾಸಕರೇ, ಇದು ತಣ್ಹಾ ಅಲ್ಲವೇ?" ಎಂದು ಕೇಳಿದ್ದರು. ಆಗ ಕೈಮುಗಿದ ಎಮೋಜಿ ಹಾಕಿ ಸುಮ್ಮನಾದೆ. ಸಕ್ಕಪಞ್ಹ ಸುತ್ತದಲ್ಲಿ ಪಂಚಸಿಖ ವೀಣೆ ನುಡಿಸಿ ಪ್ರೇಮದ ಹಾಡು ಹಾಡಿದಾಗ ಭಗವಾನರು ಗದರಲಿಲ್ಲ, ತಂತಿಗೂ ದನಿಗೂ ಚೆನ್ನಾಗಿ ಹೊಂದಿದೆ ಎಂದು ಮೆಚ್ಚಿದರು ಎಂದು ವಾದ ಮಾಡಬಹುದಿತ್ತು. ಆದರೆ ಅವರ ಪ್ರಶ್ನೆ ಸರಿಯಾಗಿತ್ತು. ನಾನು ಅತ್ತದ್ದು ಆ ಅಣ್ಣತಮ್ಮಂದಿರಿಗಾಗಿ ಅಲ್ಲ. ಹಾಸ್ಟೆಲಿನ ಟೆರೇಸಿಗಾಗಿ, ತಲೆತುಂಬ ಕೂದಲಿದ್ದ ನನಗಾಗಿ, ಲಾರಿಯ ಹಿಂದೆ ನಿಂತು ಹಾಡುತ್ತಿದ್ದ ಐವರಿಗಾಗಿ. ಅಲ್ಲಿ ಸೇರಿದ್ದವರಲ್ಲಿ ಎಷ್ಟೋ ಜನ ಹೀಗೆ ತಮ್ಮನ್ನೇ ಹುಡುಕಿಕೊಂಡು ಬಂದವರು. ಮಿಲಿಂದ ರಾಜನಿಗೆ ನಾಗಸೇನರು ಹೇಳಿದ್ದು ನೀವು ಓದಿದ್ದೀರಿ: ಮಗುವಾಗಿದ್ದವನೂ ಈಗಿನವನೂ ಅದೇ ಮನುಷ್ಯನಲ್ಲ, ಬೇರೆಯೂ ಅಲ್ಲ. ಬ್ಯಾಂಡೂ ಹಾಗೇ. 1994ರಲ್ಲಿ ಮೊದಲ ಆಲ್ಬಂ ಮಾಡಿದ ಐವರಲ್ಲಿ ಈಗ ವೇದಿಕೆಯ ಮೇಲಿದ್ದವರು ಮೂವರೇ. ಮೊದಲ ಡ್ರಮ್ಮರನ್ನು 1995ರಲ್ಲೇ ತೆಗೆದುಹಾಕಿದ್ದರು. ಅವನು ಕೋರ್ಟಿಗೆ ಹೋಗಿ ಪರಿಹಾರ ಪಡೆದ. ಮತ್ತೆ ಒಂದಾದರು ಎಂದು ನಾವು ಕುಣಿಯುವಾಗ ಹೊರಗೆ ಉಳಿದವರ ನೆನಪೂ ಇರುವುದಿಲ್ಲ.

ಆದರೆ ನನ್ನನ್ನು ಕಾಡಿದ ಪ್ರಶ್ನೆ ತಣ್ಹಾದ್ದಲ್ಲ. ಅದಕ್ಕೆ ಅವರು ಒಡೆದ ಕಥೆ ಹೇಳಬೇಕು.

2009ರ ಆಗಸ್ಟ್ 28. ಪ್ಯಾರಿಸ್ಸಿನಲ್ಲಿ ಕಾರ್ಯಕ್ರಮ, ಜನ ಕಾಯುತ್ತಿದ್ದಾರೆ. ವೇದಿಕೆಯ ಹಿಂದಿನ ಕೋಣೆಯಲ್ಲಿ ಅಣ್ಣತಮ್ಮ ಜಗಳಕ್ಕೆ ಬಿದ್ದರು. ತಮ್ಮ ಒಂದು ಪ್ಲಮ್ ಹಣ್ಣನ್ನು ಬೀಸಿ ಎಸೆದ, ಅದು ಗೋಡೆಗೆ ಬಡಿದು ಒಡೆಯಿತು ಎಂದು ಅಣ್ಣನೇ ಆಮೇಲೆ ಹೇಳಿದ್ದಾನೆ. ಹಣ್ಣಿನಿಂದ ಗಿಟಾರಿಗೆ ಬಂತು, ಗಿಟಾರ್ ಮುರಿಯಿತು. ಅಣ್ಣ ಕಾರು ಹತ್ತಿ ಹೋದವನು ಅದೇ ರಾತ್ರಿ ಬ್ಯಾಂಡ್ ಬಿಟ್ಟೆ ಎಂದು ಪ್ರಕಟಿಸಿದ. ಆಮೇಲೆ ವರ್ಷಗಟ್ಟಲೆ ಒಬ್ಬರನ್ನೊಬ್ಬರು ಲೋಕದ ಮುಂದೆ ಬೈದುಕೊಂಡರು. 2024ರ ಆಗಸ್ಟ್ 27ಕ್ಕೆ ಮತ್ತೆ ಸೇರುತ್ತೇವೆ ಎಂದರು. 2025ರ ಜುಲೈ 4ರಂದು ಕಾರ್ಡಿಫ್‌ನಲ್ಲಿ ಕೈ ಕೈ ಹಿಡಿದು, ಮೇಲೆತ್ತಿ, ವೇದಿಕೆಗೆ ಬಂದರು. ಆ ಚಿತ್ರವನ್ನು ಎಲ್ಲ ಪತ್ರಿಕೆಗಳೂ ಹಾಕಿದವು.

ಪ್ಲಮ್ ಹಣ್ಣಿನ ಕಥೆ ಓದಿದಾಗ ನನಗೆ ನೆನಪಾಗಿದ್ದು ಒಂದು ಚೊಂಬು ನೀರು. ಶಾಕ್ಯರಿಗೂ ಕೋಲಿಯರಿಗೂ ರೋಹಿಣಿ ನದಿಯ ನೀರಿಗಾಗಿ ನಡೆದ ಜಗಳವನ್ನು ಬಾಬಾಸಾಹೇಬರ 'ಬುದ್ಧ ಮತ್ತು ಅವನ ಧಮ್ಮ'ದಿಂದ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಕೋಸಂಬಿಯ ನೀರಿನ ಜಗಳವನ್ನು ಅಷ್ಟು ಮಾತಾಡುವುದಿಲ್ಲ. ವಿನಯದಲ್ಲಿ, ಅದರ ಅಟ್ಠಕಥೆಯಲ್ಲಿ ಬರುವ ಪ್ರಸಂಗ. ಧಮ್ಮ ಹೇಳುವ ಒಬ್ಬ ಭಿಕ್ಖು ಶೌಚದ ಮನೆಯಲ್ಲಿ ಬಳಸಿ ಉಳಿದ ನೀರನ್ನು ಪಾತ್ರೆಯಲ್ಲೇ ಬಿಟ್ಟು ಬಂದ. ವಿನಯ ಬಲ್ಲ ಇನ್ನೊಬ್ಬ ಭಿಕ್ಖು ಅದು ತಪ್ಪು ಎಂದ. "ತಪ್ಪಾದರೆ ಒಪ್ಪಿಕೊಳ್ಳುತ್ತೇನೆ." "ಬೇಕಂತ ಮಾಡಿಲ್ಲವಲ್ಲ, ಹಾಗಾದರೆ ತಪ್ಪಿಲ್ಲ ಬಿಡು." ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವಿನಯ ಬಲ್ಲವನು ಹೋಗಿ ತನ್ನ ಶಿಷ್ಯರ ಮುಂದೆ, "ಅವನಿಗೆ ತಪ್ಪು ಮಾಡಿದ್ದೂ ಗೊತ್ತಾಗುವುದಿಲ್ಲ" ಎಂದ. ಶಿಷ್ಯರು ಆ ಕಡೆಯ ಶಿಷ್ಯರಿಗೆ ಹೇಳಿದರು. ಸಂಘ ಎರಡಾಯಿತು. ಭಗವಾನರು ಮತ್ತೆ ಮತ್ತೆ ಬುದ್ಧಿ ಹೇಳಿದರೂ, ಇದು ನಮ್ಮ ಜಗಳ, ತಾವು ನೆಮ್ಮದಿಯಾಗಿರಿ ಎಂದುಬಿಟ್ಟರು. ಅವರು ಒಬ್ಬರೇ ಹೊರಟುಹೋದರು, ಪಾರಿಲೇಯ್ಯಕದ ಕಾಡಿನ ತನಕ.

ಮುಖದ ಮುಂದೆ ಒಂದು, ಬೆನ್ನ ಹಿಂದೆ ಒಂದು. ಇಡೀ ಕಥೆಯಲ್ಲಿ ನನಗೆ ಚುಚ್ಚುವುದು ಈ ಭಾಗ. ಉಳಿದ ನೀರಿನಲ್ಲಿ ಏನೂ ಇರಲಿಲ್ಲ.

ಮುಂದೆ ಅವರನ್ನು ಒಂದು ಮಾಡಿದ್ದು ಯಾವ ಉಪದೇಶವೂ ಅಲ್ಲ, ಹಸಿವು. ಕೋಸಂಬಿಯ ಉಪಾಸಕರು ಸಿಟ್ಟಾಗಿ, ಇವರಿಗೆ ನಮಸ್ಕಾರವೂ ಇಲ್ಲ ಭಿಕ್ಷೆಯೂ ಇಲ್ಲ ಎಂದು ತೀರ್ಮಾನಿಸಿದರು. ಹೊಟ್ಟೆಗೆ ಬಿದ್ದ ಮೇಲೆ ಎರಡೂ ಗುಂಪು ಸಾವತ್ಥಿಗೆ ಹೊರಟವು. ಆದ್ದರಿಂದ ಗ್ಯಾಲಗರ್ ಸಹೋದರರು ದುಡ್ಡಿಗಾಗಿ ಒಂದಾದರು ಎಂದು ಯಾರಾದರೂ ಹಗುರವಾಗಿ ಆಡಿದರೆ ನಾನು ಸೇರಿಕೊಳ್ಳುವುದಿಲ್ಲ. ದುಡ್ಡೇ ಕಾರಣವಾಗಿದ್ದರೂ ಇರಲಿ. ಭಗವಾನರು ಹಸಿದು ಬಂದವರನ್ನು ಹಿಂದೆ ಕಳಿಸಲಿಲ್ಲ. ಅವರಿಗೆ ಬೇರೆ ಬೇರೆ ವಸತಿ ಕೊಡಿ, ಊಟ ಸಮನಾಗಿ ಹಂಚಿ ಎಂದರು. ಇದು ನನಗೆ ತುಂಬ ಇಷ್ಟ. ಒಂದೇ ಸಲಕ್ಕೆ ಅಪ್ಪಿಕೊಳ್ಳಿ ಎನ್ನಲಿಲ್ಲ, ಫೋಟೋ ತೆಗೆಸಲಿಲ್ಲ. ಬೇರೆ ಬೇರೆ ಮಲಗಿ, ಒಂದೇ ಅಳತೆ ಉಣ್ಣಿ. ಆ ಬಿಡುವಿನಲ್ಲಿ ಆ ನೀರಿನ ಭಿಕ್ಖು ತಾನೇ ಯೋಚಿಸಿ, ಹೌದು, ಅದು ತಪ್ಪೇ ಎಂದು ಒಪ್ಪಿಕೊಂಡ. ಸಂಘ ಅವನನ್ನು ಮತ್ತೆ ಸೇರಿಸಿಕೊಂಡಿತು. ಆಮೇಲೆ ಐಕ್ಯ.

ಆಗ ಉಪಾಲಿ ಒಂದು ಪ್ರಶ್ನೆ ಕೇಳುತ್ತಾನೆ. ಜಾತಿ ಲೆಕ್ಕದಲ್ಲಿ ಕ್ಷೌರಿಕ, ಸಂಘದಲ್ಲಿ ವಿನಯಕ್ಕೆ ಅವನೇ ಮೊದಲಿಗ, ನಮ್ಮ ಉಪಾಲಿ. ಜಗಳದ ವಿಷಯವನ್ನು ವಿಚಾರಿಸದೆ, ಅದರ ಬೇರಿಗೆ ಹೋಗದೆ ಸಂಘ ಒಂದಾದರೆ ಅದು ಧಮ್ಮಕ್ಕೆ ತಕ್ಕ ಐಕ್ಯವೇ? ಅಲ್ಲ ಎಂಬುದು ಉತ್ತರ. ಅಂಥ ಐಕ್ಯದಲ್ಲಿ ಅಕ್ಷರವಿದೆ, ಅರ್ಥವಿಲ್ಲ. ಬೇರಿಗೆ ಹೋಗಿ ಆದ ಐಕ್ಯದಲ್ಲಿ ಎರಡೂ ಇವೆ.

ಗುಡ್ಡದ ಮೇಲಿಂದ ನನಗೆ ಕಾಣಿಸಿದ್ದು ಅಕ್ಷರ ಮಾತ್ರ. ಪಕ್ಕಪಕ್ಕ ನಿಂತಿದ್ದು, ಒಟ್ಟಿಗೆ ಹಾಡಿದ್ದು. ಆ ಇಬ್ಬರೂ ಬಾಗಿಲು ಹಾಕಿಕೊಂಡು ಏನು ಮಾತಾಡಿಕೊಂಡರು, ಮಾತಾಡಿಕೊಂಡರೋ ಇಲ್ಲವೋ, ಅದು ಅವರ ಮನೆಯ ವಿಷಯ. ಟಿಕೆಟ್ ಕೊಂಡವರಿಗೂ ಅದನ್ನು ಕೇಳುವ ಹಕ್ಕಿಲ್ಲ, ಗುಡ್ಡದ ಮೇಲೆ ಬಿಟ್ಟಿ ಕೇಳಿದ ನನಗಂತೂ ಇಲ್ಲವೇ ಇಲ್ಲ. ಕೋಸಂಬಿಯ ಜನ ಒಂದಾಗುವ ತನಕ ಅನ್ನ ಕೊಡಲಿಲ್ಲ. ನಾವು ಒಂದಾಗುತ್ತೇವೆ ಎಂಬ ಮಾತಿಗೇ ಮುಂಗಡ ದುಡ್ಡು ಸುರಿದೆವು, ಬೇರಿನ ವಿಚಾರ ನಮಗೆ ಬೇಕಾಗಿರಲಿಲ್ಲ. ನೋಡುವವರಿಗೆ ಅಕ್ಷರ ಸಾಕು. ವೇದಿಕೆಯ ಮೇಲೆ ನಿಲ್ಲುವವನಿಗೆ ಸಾಕೇ ಎಂಬುದಷ್ಟೇ ಪ್ರಶ್ನೆ.

ಯಾಕೆ ಕೇಳುತ್ತಿದ್ದೇನೆ ಅಂದರೆ, ಈಗ ವೇದಿಕೆ ಹತ್ತಬೇಕಾಗಿರುವವನು ನಾನು. ಬರುವ ಅಕ್ಟೋಬರ್ 14ಕ್ಕೆ, ಧಮ್ಮಚಕ್ರ ಪ್ರವರ್ತನ ದಿನದಂದು, ನಮ್ಮ ಹಳೆಯ ತಂಡ ಮತ್ತೆ ಹಾಡಬೇಕು ಎಂದು ಕೇರಿಯ ಹುಡುಗರು ಹಟ ಹಿಡಿದಿದ್ದಾರೆ. ಪೋಸ್ಟರ್ ಕೂಡ ಮಾಡಿಟ್ಟಿದ್ದಾರೆ, 22 ವರ್ಷದ ನಂತರ ಅಂತ. ಪೋಸ್ಟರಿನಲ್ಲಿ ನಾಲ್ಕು ಮುಖ. ನಾವು ಐವರಿದ್ದೆವು. ಐದನೆಯವಳು ಹೆಣ್ಣುಮಗಳು, ನಮ್ಮೆಲ್ಲರಿಗಿಂತ ಎತ್ತರದ ದನಿ, ಅವಳ ಫೋಟೋ ಯಾರ ಹತ್ತಿರವೂ ಇರಲಿಲ್ಲವಂತೆ. ಅವಳ ನಂಬರ್ ಹುಡುಕಿ ಹುಡುಗರಿಗೆ ಕೊಟ್ಟಿದ್ದೇನೆ.

ಒಡೆದದ್ದು ಹೀಗೆ. 2003ರ ಜಯಂತಿಗೆ ಎತ್ತಿದ ಚಂದಾದಲ್ಲಿ 6,400 ರೂಪಾಯಿ ಲೆಕ್ಕ ಸಿಗಲಿಲ್ಲ. ದುಡ್ಡು ಇದ್ದದ್ದು ತಮಟೆ ನುಡಿಸುತ್ತಿದ್ದ ಅಣ್ಣನ ಹತ್ತಿರ. ನನಗಿಂತ ಎರಡು ವರ್ಷ ದೊಡ್ಡವನು, ಸ್ವಂತ ಅಣ್ಣನಿಗಿಂತ ಹೆಚ್ಚು. ಕೇಳಿದಾಗ, ಖರ್ಚಾಯಿತು ಅಂದ, ಯಾವುದಕ್ಕೆ ಎಂದು ಹೇಳಲಿಲ್ಲ. "ಹೋಗ್ಲಿ ಬಿಡಣ್ಣ" ಅಂದೆ. ಅದೇ ಸಂಜೆ ಮೂರು ಜನರ ಮುಂದೆ, ಅವನು ತಿಂದ ಅಂದೆ. ಒಂದು ವಾರದಲ್ಲಿ ಊರಿಗೆಲ್ಲ ಗೊತ್ತಾಯಿತು. ಅವನು ತಮಟೆಯನ್ನು ಗೋಡೆಗೆ ನೇತುಹಾಕಿದ.

2007ರಲ್ಲಿ ಒಂದು ಮದುವೆಯಲ್ಲಿ ಮೈಕ್ ಸೆಟ್ಟಿನವನು ಸಿಕ್ಕ. ಮಾತಿನ ಮಧ್ಯೆ, ನಿಮ್ಮ ತಂಡದ 2002ರ ಬಾಕಿಯನ್ನು ತಮಟೆಯವರೇ ಬಂದು ತೀರಿಸಿದರು ಎಂದ. 2002ರ ಮೈಕಿನ ದುಡ್ಡು ಕೊಡಬೇಕಾಗಿದ್ದವನು ನಾನು. ದುಡ್ಡು ತೆಗೆದುಕೊಂಡಿದ್ದೆ, ಮನೆಯ ಕಷ್ಟಕ್ಕೆ ಖರ್ಚಾಗಿತ್ತು, ಆಮೇಲೆ ಕೊಟ್ಟರಾಯಿತು ಎಂದುಕೊಂಡು ಮರೆತಿದ್ದೆ. ನನ್ನ ಮರ್ಯಾದೆ ಉಳಿಸಲು ಅವನು ಬಾಯಿ ಬಿಟ್ಟಿರಲಿಲ್ಲ. ತಿಳಿದ ಮೇಲೆ ನಾನೂ ಬಿಡಲಿಲ್ಲ. 18 ವರ್ಷ.

ಇಷ್ಟು ಇಟ್ಟುಕೊಂಡು ಅವನ ಪಕ್ಕ ನಿಂತು ಸಮಾನತೆಯ ಹಾಡು ಹಾಡುವುದು ಹೇಗೆ? ಹಾಡಬಹುದು. ಹುಡುಗರು ಕುಣಿಯುತ್ತಾರೆ, ಮೊಬೈಲಿನಲ್ಲಿ ಹಿಡಿಯುತ್ತಾರೆ, ಯಾರಿಗೂ ಕೊರತೆ ಕಾಣುವುದಿಲ್ಲ.

ಮೊನ್ನೆ ಭಾನುವಾರ ಅವನ ಮನೆಗೆ ಹೋದೆ. ಅತ್ತಿಗೆ ಟೀ ಕೊಟ್ಟರು, ಮಗಳ ಕೆಲಸದ ಬಗ್ಗೆ ಕೇಳಿದರು. ಹೇಳಬೇಕಾದ್ದನ್ನು ಹೇಳಿದೆ. ಅವನು ಲೋಟ ಕೆಳಗಿಟ್ಟು, "ನಂಗೊತ್ತು ಕಣೋ. ಮೈಕ್‌ನೋನು ನಿಂಗೆ ಹೇಳ್ದೆ ಅಂತ ಅವತ್ತೇ ಬಂದು ಹೇಳಿದ್ದ. ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ ಒಂದ್ ವರ್ಷ ನೋಡ್ದೆ" ಅಂದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗೋಡೆಯಲ್ಲಿ ತಮಟೆ ಇರಲಿಲ್ಲ, ಮೊಳೆ ಮಾತ್ರ ಇತ್ತು. ಅಕ್ಟೋಬರ್ 14ಕ್ಕೆ ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಹೊರಡುವಾಗ ಬಾಗಿಲ ತನಕ ಬಂದು, "ನಂಗೆ ಹೇಳಿದ್ದಾಯ್ತಲ್ಲ, ಅವತ್ತು ಯಾರ್ ಯಾರಿಗೆ ಹೇಳಿದ್ಯೋ ಅವ್ರಿಗೆ ಹೇಳು" ಅಂದ.

ಆ ಮೂವರಲ್ಲಿ ಒಬ್ಬರು ತೀರಿಕೊಂಡಿದ್ದಾರೆ. ಇಬ್ಬರು ಈ ಗುಂಪಿನಲ್ಲಿದ್ದೀರಿ, ದಿನಾ ಬೆಳಿಗ್ಗೆ ಇದನ್ನು ಓದುತ್ತೀರಿ. 2003ರ ಏಪ್ರಿಲಿನಲ್ಲಿ, ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನಾನು ನಿಮಗೆ ಹೇಳಿದ್ದು ಸುಳ್ಳು. ಆ 6,400 ರೂಪಾಯಿಯನ್ನು ಅವನು ತಿಂದಿರಲಿಲ್ಲ. ಅದು ನನ್ನ ಸಾಲಕ್ಕೆ ಹೋಗಿತ್ತು.

ಜೈಭೀಮ್.